ಹಿತ್ತಲಲ್ಲೊಂದು ಭೂಮಿ ಹುಣ್ಣಿಮೆ

ದಸರಾ ಗೊಂಬೆಗಳು ಪೆಟ್ಟಿಗೆ ಸೇರಿದ ಮೇಲೆ ದೀಪಾವಳಿಯ ಕೆಲಸ ಶುರುವಾಗೋವರೆಗೆ ಎರಡು ವಾರ ಸ್ವಲ್ಪ ಉಸಿರಾಡುವ ಬಿಡುವು ಸಿಗುತ್ತದೆ, ಅಲ್ವಾ? ಬಡಾವಣೆಯ ಮಹಿಳಾ ಸಂಘದವರು ಏನಾದರೂ ಕಾರ್ಯಕ್ರಮ ಮಾಡೋಣ ಅನ್ನೋದೂ ಆಗಲೇ. ಮತ್ತದೇ ರಂಗೋಲಿ ಸ್ಪರ್ಧೆ, ಮತ್ತದೇ ಮ್ಯೂಸಿಕಲ್ ಚೇರ್, ಕೊನೆಗೆ ಹೋಟೆಲಿನಿಂದ ತರಿಸಿದ ಪಲಾವ್. ಎಷ್ಟು ವರ್ಷ ಅಂತ ಅದನ್ನೇ ಮಾಡ್ತೀರಿ? ಈ ಸಲ ಪಾರ್ಕಿನ ಮೂಲೆಯಲ್ಲೋ, ಯಾರದ್ದಾದರೂ ಹಿತ್ತಲಲ್ಲೋ ಒಂದು ಭೂಮಿ ಹುಣ್ಣಿಮೆಯ ಊಟ ಇಟ್ಟುಕೊಂಡು ನೋಡಿ. ಅತಿಥಿಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಿಮ್ಮ ಗೇಟಿನ ಮುಂದೆ ಬುಟ್ಟಿ ಇಳಿಸಿ "ಸೊಪ್ಪು ಬೇಕಾ ಅಮ್ಮಾ" ಅಂತ ಕೂಗುವವರೇ ಅತಿಥಿಗಳು.

ಮುಂದಿನ ಸಲ ಅವರನ್ನು ಸುಮ್ಮನೆ ಕೇಳಿ ನೋಡಿ. "ನಿಮ್ಮದು ಯಾವೂರು?" ಅಂದರೆ ಆಯನೂರು ಕಡೆ, ಕುಂಸಿ ಕಡೆ, ಶೆಟ್ಟಿಹಳ್ಳಿ ಕಡೆ ಅನ್ನಬಹುದು. ಅಲ್ಲಿಗೇ ಬಿಡಬೇಡಿ. "ನಿಮ್ಮ ಅಜ್ಜ-ಅಜ್ಜಿ ಕಾಲದಲ್ಲಿ ಯಾವೂರು?" ಅಂತ ಕೇಳಿ. ಹಲವರು ಒಂದು ಕ್ಷಣ ಸುಮ್ಮನಾಗಿ, ಶರಾವತಿ ಹಿನ್ನೀರಿನ ಕಡೆ ಕೈ ತೋರಿಸುತ್ತಾರೆ. ಆ ಊರು ಈಗ ನೀರಿನ ಕೆಳಗಿದೆ.

ಬೆಳಕಿನ ಹಿಂದಿನ ಕತ್ತಲೆ

ಜೋಗಕ್ಕೆ ಹೋದಾಗ ಫೋಟೊ ತೆಗೆಸಿಕೊಳ್ಳದವರು ಯಾರಿದ್ದೀವಿ? ಆ ಜಲಪಾತದ ಮೇಲ್ಗಡೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾಯಿತು. ಸುಮಾರು 151 ಟಿಎಂಸಿ ನೀರು ಹಿಡಿಯುವ ಜಲಾಶಯ. ಅದಕ್ಕೂ ಮೊದಲು ಹಿರೇಭಾಸ್ಕರ ಅಣೆಕಟ್ಟು ಇತ್ತು. ಅದರಿಂದಲೂ ಜನ ಊರು ಬಿಟ್ಟಿದ್ದರು. ಲಿಂಗನಮಕ್ಕಿ ನೀರು ಏರಿದಾಗ ಆ ಹಳೇ ಅಣೆಕಟ್ಟೇ ಮುಳುಗಿಹೋಯಿತು ಅಂದ್ರೆ ಗದ್ದೆ, ಮನೆ, ದೇವರ ಬನಗಳ ಕಥೆ ಏನು ಹೇಳೋದು! ಬರಗಾಲದ ವರ್ಷ ನೀರು ತೀರಾ ತಗ್ಗಿದಾಗ ಆ ಹಳೇ ಕಟ್ಟು ಮೇಲೆ ಕಾಣುತ್ತದೆ.

ಸಾಗರ, ಹೊಸನಗರ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಎದ್ದು ಹೊರಟವು. ಲಾರಿಗಳಲ್ಲಿ ಸಾಮಾನು, ದನ-ಕರು, ಮಕ್ಕಳನ್ನು ತುಂಬಿಕೊಂಡು ಬಂದು ಕಾಡಂಚಿನಲ್ಲಿ ಇಳಿಸಿದರು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಅವರಲ್ಲಿ ಅನೇಕರು ಗೇಣಿ ರೈತರು. ಉತ್ತಿದ್ದು ಇವರು, ಪಹಣಿಯಲ್ಲಿ ಹೆಸರು ಒಡೆಯರದ್ದು. ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು 1951ರಲ್ಲಿ. ಉಳುವವನಿಗೇ ಭೂಮಿ ಕೊಡಿಸಿದ ದೇವರಾಜ ಅರಸು ಅವರ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ನಡುವೆ 1964ರಲ್ಲಿ ಮುಳುಗಡೆ. ಕಾನೂನು ಬರುವ ಹೊತ್ತಿಗೆ ಇವರು ಉತ್ತ ಭೂಮಿಯ ಮೇಲೆ ಹತ್ತು ವರ್ಷದ ನೀರು ನಿಂತಿತ್ತು.

ಆ ನೀರಿನಿಂದ ತಿರುಗುವ ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವ್ಯಾಟ್. ನಿಮ್ಮ ಮಿಕ್ಸಿಯಲ್ಲಿ ಬೆಳಿಗ್ಗೆ ಚಟ್ನಿ ಅರೆಯುವ ಕರೆಂಟಿನಲ್ಲಿ ಅವರ ಗದ್ದೆಯದ್ದೂ ಒಂದು ಪಾಲಿದೆ ಅಂದ್ಕೊಳ್ಳಿ. ಶಿವಮೊಗ್ಗದಲ್ಲಿ ಶರಾವತಿ ನಗರ ಅಂತಲೇ ಒಂದು ಬಡಾವಣೆ ಇದೆ. ನದಿಯ ಹೆಸರು ಪೇಟೆಗೆ ಬಂತು, ನದಿಯ ಜನ ಇನ್ನೂ ಕಾಡಂಚಿನಲ್ಲೇ ಇದ್ದಾರೆ.

ಈ ಮಾತು ಹಳೇ ಕಥೆ ಅಂದ್ಕೋಬೇಡಿ. ಅಂದು ಕೊಟ್ಟ ಜಾಗ ಬಹುಪಾಲು ಅರಣ್ಯ ಇಲಾಖೆಯ ದಾಖಲೆಯಲ್ಲೇ ಉಳಿಯಿತು. ಅದನ್ನು ಅರಣ್ಯದಿಂದ ಬಿಡಿಸಿ ಹೊರಡಿಸಿದ ರಾಜ್ಯದ ಆದೇಶಗಳು ಕೇಂದ್ರದ ಒಪ್ಪಿಗೆ ಇಲ್ಲ ಅನ್ನೋ ಕಾರಣಕ್ಕೆ ನಿಲ್ಲಲಿಲ್ಲ. 2022ರಲ್ಲಿ ಸರಕಾರವೇ ಅವನ್ನು ಹಿಂದಕ್ಕೆ ಪಡೆಯಿತು. ಮನೆಯ ಖಾತಾ ಬದಲಾವಣೆ ಎರಡು ತಿಂಗಳು ತಡವಾದರೆ ನಮಗೆ ನಿದ್ದೆ ಬರೋದಿಲ್ಲ. ಇವರದ್ದು ಮೂರನೇ ತಲೆಮಾರು. ಪಹಣಿ ಇಲ್ಲದಿದ್ದರೆ ಬ್ಯಾಂಕ್ ಸಾಲ ಕಷ್ಟ, ಬೆಳೆ ಹೋದರೆ ಪರಿಹಾರ ಕಷ್ಟ, ಮಗಳ ಮದುವೆಗೆ ಅಂತ ಅಡ ಇಡೋಕೂ ಕಾಗದ ಇಲ್ಲ. ಹಿನ್ನೀರಿನ ಆಚೆ ಉಳಿದ ಕರೂರು, ಬಾರಂಗಿ ಹೋಬಳಿಯವರದ್ದು ಇನ್ನೊಂದು ಪಾಡು. ಲಾಂಚಿಗಾಗಿ ದಡದಲ್ಲಿ ಕಾದು ಕಾದು ಬಾಣಂತಿಯರು, ರೋಗಿಗಳು ಪಟ್ಟ ಕಷ್ಟಕ್ಕೆ ಲೆಕ್ಕ ಇಲ್ಲ. ಸಿಗಂದೂರು ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ. ಅಣೆಕಟ್ಟು ಆಗಿ 61 ವರ್ಷಕ್ಕೆ!

ಸೌಂದರ್ಯ ಅಭಿನಯಿಸಿ, ನಿರ್ಮಿಸಿದ 'ದ್ವೀಪ' ಸಿನಿಮಾ ನೆನಪಿದೆಯಾ? ನೀರು ಏರುತ್ತಿದ್ದರೂ ಮನೆ ಬಿಡದ ನಾಗಿಯ ಕಥೆ. ಗಿರೀಶ್ ಕಾಸರವಳ್ಳಿ ನಿರ್ದೇಶನ, ರಾಷ್ಟ್ರಪ್ರಶಸ್ತಿ ಬಂದ ಚಿತ್ರ. ಕಾದಂಬರಿ ಬರೆದ ಸಾಗರದ ನಾ. ಡಿಸೋಜ ಅವರು ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ ಇದನ್ನೆಲ್ಲ ಕಣ್ಣಾರೆ ಕಂಡವರು. 2025ರ ಜನವರಿಯಲ್ಲಿ ತೀರಿಕೊಂಡರು. ಊಟದ ಹಿಂದಿನ ದಿನ ಸಂಘದವರೆಲ್ಲ ಸೇರಿ ಆ ಸಿನಿಮಾ ನೋಡಿದರೆ ಮರುದಿನ ಅತಿಥಿಗಳ ಹತ್ತಿರ ಪೆದ್ದು ಪ್ರಶ್ನೆ ಕೇಳೋದು ಅರ್ಧ ತಪ್ಪುತ್ತದೆ!

ಭೂಮಿಗೂ ಸೀಮಂತ

ಯಾಕೆ ಭೂಮಿ ಹುಣ್ಣಿಮೆ? ವಿಜಯದಶಮಿ ಆಗಿ ಐದನೇ ದಿನದ ಸುಮಾರಿಗೆ ಬರುವ ಶೀಗಿ ಹುಣ್ಣಿಮೆಯೇ ಮಲೆನಾಡಿನ ರೈತರಿಗೆ ಭೂಮಿ ಹುಣ್ಣಿಮೆ. ಆಗ ಭತ್ತ ಹೊಡೆ ತುಂಬಿರುತ್ತದೆ, ಅಂದ್ರೆ ಭೂಮಿ ಬಸುರಿ. ಮಗಳು ಬಸುರಿಯಾದರೆ ಬಯಕೆ ಊಟ ಹಾಕೋದಿಲ್ವಾ, ಹಾಗೇ ಇದು. ದೀವರ ಮನೆಗಳಲ್ಲಿ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿಸಿ, ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡಿ ತುಂಬಿಸಿಕೊಟ್ಟದ್ದನ್ನು ಬೆಳಕು ಹರಿಯುವ ಮುಂಚೆ ಗದ್ದೆಗೆ ಒಯ್ದು ಚರಗ ಬೀರುತ್ತಾರೆ. ಭತ್ತದ ಬುಡಕ್ಕೆ ತಾಳಿಸರ ತೊಡಿಸಿ ಪೂಜೆ ಮಾಡುವ ಪದ್ಧತಿಯೂ ಇದೆ. ಕಾಗೆಗೆ ಒಂದು ಪಾಲು, ಇಲಿಗೂ ಒಂದು ಪಾಲು. ಬೆಳೆ ತಿನ್ನೋ ಇಲಿಗೂ ಬಡಿಸುವ ಹಬ್ಬ ಬೇರೆ ಎಲ್ಲಿದೆ ಹೇಳಿ! ಒಂದು ಕಡುಬನ್ನು ಗದ್ದೆಯಲ್ಲೇ ಹೂತಿಟ್ಟು ಕೊಯ್ಲಿನ ಹೊತ್ತಿಗೆ ತೆಗೆಯುವುದೂ ಉಂಟು. ಆಮೇಲೆ ಮನೆಮಂದಿ ಅಲ್ಲೇ ಬದುವಿನ ಮೇಲೆ ಕೂತು ಉಣ್ಣುತ್ತಾರೆ. ಈಗಿನವರು ಗಾರ್ಡನ್ ಪಾರ್ಟಿ ಅಂತಾರಲ್ಲ, ಮಲೆನಾಡಿನಲ್ಲಿ ಅದು ಮೊದಲಿನಿಂದಲೂ ಇತ್ತು.

ಮುಳುಗಡೆಯವರೆಲ್ಲ ದೀವರೇ ಅಂತ ತಿಳಿಯಬೇಡಿ. ಎಲ್ಲ ಜಾತಿಯವರೂ ಇದ್ದಾರೆ, ಪದ್ಧತಿಗಳೂ ಮನೆಯಿಂದ ಮನೆಗೆ ಬೇರೆ. ಆದರೆ ಊರು ಹೋದರೂ ಈ ಹಬ್ಬ ಅವರ ಜೊತೆ ಬಂತು. ಹೊಸ ಜಾಗದ ಮಣ್ಣು ಕಾಗದದಲ್ಲಿ ತನ್ನದಲ್ಲದಿದ್ದರೂ ಅದಕ್ಕೆ ಬಯಕೆ ಊಟ ಹಾಕುತ್ತಾರಲ್ಲ, ನನಗೆ ಅದು ದೊಡ್ಡದು ಅನ್ನಿಸುತ್ತದೆ.

ಕರೆಯುವ ರೀತಿ

ಮೊದಲ ಮಾತು: ಹುಣ್ಣಿಮೆಯ ದಿನವೇ ಕರೆಯಬೇಡಿ. ಅವತ್ತು ಅವರು ಅವರ ಗದ್ದೆಯಲ್ಲೇ ಇರಬೇಕು. ಅದರ ಮುಂದಿನ ಭಾನುವಾರ ಇಟ್ಟುಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಶುರು ಮಾಡಿ ನಾಲ್ಕರೊಳಗೆ ಮುಗಿಸಿ. ಸಂಜೆ ಲೈಟು ಹಾಕಿ ಮಾಡಿದರೆ ಚೆಂದ ನಿಜ, ಆದರೆ ಅವರ ಹಳ್ಳಿಗೆ ಕೊನೇ ಬಸ್ಸು ತಪ್ಪಿದರೆ ಆ ಚೆಂದ ಯಾರಿಗೆ?

ಒಬ್ಬರನ್ನೇ ಕರೆಯಬೇಡಿ. ಗುರುತಿಲ್ಲದ ಇಪ್ಪತ್ತು ಜನರ ನಡುವೆ ಒಬ್ಬರೇ ಕೂತರೆ ಯಾರಿಗಾದರೂ ತುತ್ತು ಇಳಿಯಲ್ಲ. "ನಿಮ್ಮೂರಿನ ನಾಲ್ಕೈದು ಜನ, ಜೊತೆಗೆ ಅತ್ತೆಯವರನ್ನೂ ಕರ್ಕೊಂಡು ಬನ್ನಿ" ಅನ್ನಿ. ಮುಳುಗಡೆ ಕಂಡ ಅಜ್ಜಿಯರು ಈಗ ಎಂಬತ್ತರ ಆಸುಪಾಸಿನವರು. ಅವರ ಮಾತು ಕೇಳೋಕೆ ಇನ್ನೆಷ್ಟು ವರ್ಷ ಸಿಗುತ್ತೆ?

ಇನ್ನು ದುಡ್ಡಿನ ವಿಷಯ. ಸಂಕೋಚ ಬೇಡ, ಮುಂಚೆಯೇ ಮಾತಾಡಿ. ಅಡುಗೆಗೆ ಬೇಕಾದ ಸೊಪ್ಪು, ತರಕಾರಿ, ಗೆಡ್ಡೆ, ಅಕ್ಕಿ ಅವರಿಂದಲೇ ಕೊಳ್ಳಿ. ಅವತ್ತು ಚೌಕಾಸಿ ಮಾಡಲೇಬೇಡಿ. (ಉಳಿದ ದಿನವೂ ಮಾಡದಿದ್ದರೆ ಇನ್ನೂ ಒಳ್ಳೇದು. ಮಾಲ್‌ನಲ್ಲಿ ಬಾರ್‌ಕೋಡ್ ಇದ್ದರೆ ಬಾಯಿ ಮುಚ್ಚಿಕೊಂಡು ಕೊಡುವವರು ಒಂದು ಕಟ್ಟು ಹರಿವೆಗೆ ಐದು ರೂಪಾಯಿ ಇಳಿಸೋಕೆ ಹದಿನೈದು ನಿಮಿಷ ನಿಲ್ಲುತ್ತೇವೆ.) ಯಾರಾದರೂ ಅಡುಗೆ ಹೇಳಿಕೊಡಲು ಒಪ್ಪಿದರೆ ಒಂದು ದಿನದ ಕೂಲಿ ಸೇರಿಸಿ ಕೊಡಿ. ಬಸ್ಸು, ಆಟೋ ಖರ್ಚು ಸಂಘದ್ದೇ. ಬಂದ ಮೇಲೆ ಪಾತ್ರೆ ತೊಳೆಯೋಕೆ ಎದ್ದರೆ ಕೂರಿಸಿ. ಅವತ್ತು ತೊಳೆಯೋರು ನಾವು.

ಬ್ಯಾನರಿನಲ್ಲಿ "ನಿರಾಶ್ರಿತ ರೈತರಿಗೆ ಸನ್ಮಾನ" ಅಂತ ಬರೆಸೋರು ಇರುತ್ತಾರೆ. ಬೇಡ. ದುಡಿದು ತಿನ್ನುವವರನ್ನು ಕರೆದು ಕೂರಿಸಿ ತಲೆಯ ಮೇಲೆ 'ನಿರಾಶ್ರಿತ' ಅಂತ ತೂಗುಹಾಕೋದು ಎಷ್ಟು ಸರಿ? ಶಾಲು, ಹಾರ, ಮೂರು ಜನರ ಭಾಷಣವೂ ಬೇಡ. ಭೂಮಿ ಹುಣ್ಣಿಮೆ ಊಟ ಅಂತ ಬರೆಸಿ ಸಾಕು. ಪಾರ್ಕಿನಲ್ಲಿ ಮಾಡುವುದಾದರೆ ಶಿವಮೊಗ್ಗದವರು ಮಹಾನಗರ ಪಾಲಿಕೆಗೆ, ಭದ್ರಾವತಿಯವರು ನಗರಸಭೆಗೆ ಒಂದು ವಾರ ಮುಂಚೆ ಅರ್ಜಿ ಕೊಟ್ಟುಬಿಡಿ. ಪ್ಲಾಸ್ಟಿಕ್ ತಟ್ಟೆ ತರಬೇಡಿ, ಬಾಳೆ ಎಲೆ ಇದೆಯಲ್ಲ.

ಎಲ್ಲಕ್ಕಿಂತ ಮುಖ್ಯ, ಒಂದೇ ಪಂಕ್ತಿ. ಅವರು ಒಂದು ಕಡೆ, ನಾವು ಒಂದು ಕಡೆ ಕೂತರೆ ಇದನ್ನು ಮಾಡದೇ ಇರೋದೇ ಮೇಲು. ಮಡಿ-ಮೈಲಿಗೆ ಅನ್ನುವ ಅತ್ತೆ ಮನೆಯಲ್ಲಿದ್ದರೆ ಹಿತ್ತಲು ಬಿಟ್ಟು ಪಾರ್ಕು ಆರಿಸಿಕೊಳ್ಳಿ. ಬದಲಾಯಿಸೋ ಜಗಳ ಇನ್ನೊಂದು ದಿನ ಆಡೋಣ.

ಏನು ಬಡಿಸೋಣ?

ಬೆರಕೆ ಸೊಪ್ಪಿನ ಪಲ್ಯ ಇರಲೇಬೇಕು. ಚರಗಕ್ಕೆ ನೂರೊಂದು ಕುಡಿ ಸೇರಿಸಬೇಕು ಅನ್ನುವುದು ವಾಡಿಕೆ. ಪೇಟೆಯಲ್ಲಿ ಹತ್ತು ಬಗೆ ಸಿಕ್ಕಿದರೆ ಹಬ್ಬವೇ. ಹರಿವೆ, ಬಸಳೆ, ನುಗ್ಗೆ, ಕೆಸು, ಒಂದೆಲಗ, ಕುಂಬಳದ ಕುಡಿ, ಅಮಟೆಯ ಚಿಗುರು, ಹೀಗೆ. ಒಂದು ಎಚ್ಚರಿಕೆ: ಬೇಲಿಬದಿಯ ಸೊಪ್ಪನ್ನು ನೀವೇ ಅಂದಾಜಿನಲ್ಲಿ ಕಿತ್ತು ಹಾಕಬೇಡಿ. ಗುರುತು ಇರುವ ಅಜ್ಜಿ ಕೊಯ್ದದ್ದು ಮಾತ್ರ ಪಾತ್ರೆಗೆ ಬೀಳಲಿ. ಕೆಸುವಿಗೆ ಹುಣಸೆ ಹುಳಿ ಧಾರಾಳ ಹಾಕಿ ಚೆನ್ನಾಗಿ ಬೇಯಿಸಿ, ಇಲ್ಲದಿದ್ದರೆ ಗಂಟಲು ತುರಿಕೆ.

ಸಿಹಿಗೆ ಸೌತೆಕಾಯಿ ಕಡುಬು. ಬಲಿತ ಸೌತೆಕಾಯಿಯ ತಿರುಳು, ಬೀಜ ತೆಗೆದು ತುರಿದುಕೊಳ್ಳಿ. ಎರಡು ಬಟ್ಟಲು ತುರಿಗೆ ಎರಡು ಬಟ್ಟಲು ಅಕ್ಕಿ ರವೆ, ಒಂದು ಬಟ್ಟಲು ಬೆಲ್ಲದ ಪುಡಿ, ಅರ್ಧ ಬಟ್ಟಲು ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿ. ನೀರು ಹಾಕಬೇಡಿ, ಸೌತೆ ಮತ್ತು ಬೆಲ್ಲವೇ ನೀರು ಬಿಡುತ್ತವೆ. ಕಲಸಿ ಅರ್ಧ ಗಂಟೆ ಬಿಟ್ಟು, ಬಾಡಿಸಿದ ಬಾಳೆ ಎಲೆಯಲ್ಲಿ ಮಡಿಚಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಮೇಲೆ ತುಪ್ಪ. ಫ್ರಿಜ್ಜಿನಲ್ಲಿಟ್ಟು ಮರುದಿನ ತಿಂದರೆ ಕಲ್ಲಾಗುತ್ತದೆ. ಅವತ್ತೇ ಖಾಲಿ ಮಾಡಿ.

ತಂಬುಳಿ ಮರೆಯಬೇಡಿ. ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಅರ್ಧ ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ಅರೆದು ಎರಡು ಬಟ್ಟಲು ಕಡೆದ ಮಜ್ಜಿಗೆಗೆ ಬೆರೆಸಿ, ಒಗ್ಗರಣೆ ಕೊಟ್ಟರೆ ಆಯಿತು. ಕುದಿಸೋದು ಬೇಡ. ಇದರ ಜೊತೆಗೆ ಅಮಟೆಕಾಯಿ ಗೊಜ್ಜು, ಅಪ್ಪೆಮಿಡಿ ಉಪ್ಪಿನಕಾಯಿ, ಕೆಂಪಕ್ಕಿ ಅನ್ನ ಇದ್ದರೆ ಬೇರೇನು ಬೇಕು? ಗೋಬಿ ಮಂಚೂರಿ ಕೇಳುವ ಮಕ್ಕಳಿಗೆ ಒಂದು ದಿನ ಕಿವುಡಾಗಿ.

ಅವರ ಅಡುಗೆ ಮಾತ್ರ ಮಾಡಿಸಿ ತಿಂದು ಕಳಿಸಬೇಡಿ. ನಿಮ್ಮ ಮನೆಯದ್ದೂ ಒಂದೊಂದು ಇರಲಿ, ಹೋಳಿಗೆಯೋ ಕೊಬ್ಬರಿ ಮಿಠಾಯಿಯೋ. ಭದ್ರಾವತಿಯವರಿಗೆ ಇದು ಇನ್ನೂ ಸುಲಭ. ಆ ಊರೇ ಬಂದವರಿಂದ ಆದದ್ದು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು. 1936ರಲ್ಲಿ ಪೇಪರ್ ಮಿಲ್ ಸ್ಥಾಪನೆ. ತಮಿಳರು, ತೆಲುಗರು, ಮಲಯಾಳಿಗಳು ಎಲ್ಲರೂ ಬಂದು ನೆಲೆ ಕಂಡರು. ನ್ಯೂಟೌನ್, ಪೇಪರ್‌ಟೌನ್‌ನ ಹಳೇ ಕ್ವಾರ್ಟರ್ಸಿನ ಹಿತ್ತಲುಗಳಲ್ಲಿ ಎಷ್ಟು ಬಗೆಯ ಬೇವು, ನುಗ್ಗೆ, ಬಾಳೆ ಬೆಳೆದಿವೆ ನೋಡಿ. 2015ರಲ್ಲಿ ಪೇಪರ್ ಮಿಲ್ ನಿಂತ ಮೇಲೆ ಅಲ್ಲಿಂದಲೂ ಎಷ್ಟೋ ಮನೆ ಖಾಲಿಯಾದವು. ಊರು ಬಿಡೋದು ಅಂದ್ರೇನು ಅಂತ ಭದ್ರಾವತಿಯ ಹೆಂಗಸರಿಗೆ ಯಾರೂ ವಿವರಿಸಬೇಕಾಗಿಲ್ಲ. ಪಕ್ಕದ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲೂ ಹೀಗೆ ಬಂದವರಿದ್ದಾರೆ. ಭದ್ರಾ ಅಭಯಾರಣ್ಯದೊಳಗಿನ ಊರುಗಳಿಂದ 2002ರ ಹೊತ್ತಿಗೆ ಹೊರಬಂದ ರೈತರು. ಅವರಿಗೆ ನೀರಾವರಿ ಜಮೀನು ಕೊಟ್ಟರು. ಮನಸ್ಸು ಮಾಡಿದರೆ ಸರಕಾರಕ್ಕೂ ಆಗುತ್ತದೆ ಅನ್ನೋದಕ್ಕೆ ಈ ಉದಾಹರಣೆ.

ಹಾಡಿನ ಹೊತ್ತು

ಡಿಜೆ ಬೇಡ ಅಂತ ಬೇರೆ ಹೇಳಬೇಕಾ? ಬುಟ್ಟಿಗೆ ಚಿತ್ತಾರ ಬರೆಯುವಾಗ, ಭತ್ತ ಕುಟ್ಟುವಾಗ, ಮದುವೆಯಲ್ಲಿ ಹಸೆ ಬರೆಯುವಾಗ ಹಾಡುವ ಹಾಡುಗಳು ಈ ಅಜ್ಜಿಯರ ಹತ್ತಿರ ರಾಶಿ ಇವೆ. ದೀಪಾವಳಿಯ ರಾತ್ರಿ ಗಂಡಸರು ದೀಪ ಹಿಡಿದು ಮನೆ ಮನೆಗೆ ಹೋಗಿ ಹಾಡುವ ಅಂಟಿಗೆ-ಪಂಟಿಗೆಯೂ ಇದೇ ಸೀಮೆಯದ್ದು. ಆದರೆ "ಎಲ್ಲಿ, ಒಂದು ಹಾಡು ಹೇಳಿ ಅಜ್ಜಿ" ಅಂತ ಮೈಕು ಬಾಯಿಗೆ ಹಿಡಿಯಬೇಡಿ. ಟಿವಿ ಶೋ ಅಲ್ಲ ಇದು. ಯಾವ ಹಾಡಿಗೆ ಯಾವ ಹೊತ್ತು ಅಂತ ಅವರಿಗೆ ಗೊತ್ತು. ಈಗ ಹಾಡಲ್ಲ ಅಂದರೆ ಒತ್ತಾಯ ಮಾಡಬಾರದು.

ಒಂದು ಉಪಾಯ ಇದೆ. ಊಟಕ್ಕೆ ಮುಂಚೆ ಎಲ್ಲರೂ ಕೂತು ಒಂದು ಬುಟ್ಟಿಗೆ ಚಿತ್ತಾರ ಬರೆಯಿರಿ. ಬುಟ್ಟಿಗೆ ಹಿಂದಿನ ದಿನವೇ ಕೆಮ್ಮಣ್ಣು ಬಳಿದು ಒಣಗಿಸಿಟ್ಟಿರಿ. ನೆನೆಸಿದ ಅಕ್ಕಿ ನುಣ್ಣಗೆ ಅರೆದರೆ ಬಿಳಿ ಬಣ್ಣ. ಗೆರೆ ಎಳೆಯೋಕೆ ಶುರುಮಾಡಿದರೆ ಕೈ ಜೊತೆ ಬಾಯಿಯೂ ಹಾಡುತ್ತದೆ, ಯಾರೂ ಕೇಳಬೇಕಾಗಿಲ್ಲ. ಆಮೇಲೆ ನೀವೂ ಹಾಡಿ, ಭಾವಗೀತೆಯೋ, ಪಕ್ಕದ ಮನೆ ತಮಿಳು ಅಕ್ಕನ ಕುಮ್ಮಿಯೋ, ಯಾವುದಾದರೂ. ನೀವು ಬಾಯಿ ಬಿಡದೆ ಮೊಬೈಲಿನಲ್ಲಿ ಅವರನ್ನು ಮಾತ್ರ ರೆಕಾರ್ಡ್ ಮಾಡಿಕೊಂಡರೆ ಅದು ಕೂಡಿ ಹಾಡಿದ ಹಾಗಾಗಲಿಲ್ಲ. ಫೋಟೊ ತೆಗೆಯುವ ಮುಂಚೆ ಕೇಳಿ. ವಾಟ್ಸಾಪಿಗೆ ಹಾಕುವ ಮುಂಚೆ ಇನ್ನೊಮ್ಮೆ ಕೇಳಿ.

ಒಂದು ಮಡಿ ಅವರಿಗೂ

ಅಮೆರಿಕದ ಸ್ಯಾನ್ ಡಿಯೆಗೊ ನಗರದಲ್ಲಿ 'ನ್ಯೂ ರೂಟ್ಸ್' ಅಂತ ಒಂದು ಸಮುದಾಯ ತೋಟ ಇದೆ. ಯುದ್ಧದಿಂದ ಓಡಿಬಂದ ಸೊಮಾಲಿಯಾ, ಕಾಂಬೋಡಿಯಾ ಮುಂತಾದ ದೇಶಗಳ ರೈತರಿಗೆ ಪೇಟೆಯ ಮಧ್ಯೆ ತುಂಡು ತುಂಡು ಜಾಗ ಕೊಟ್ಟು ತಮ್ಮೂರಿನ ಸೊಪ್ಪು-ತರಕಾರಿ ಬೆಳೆಯೋಕೆ ಬಿಟ್ಟರು. 2010ರ ಏಪ್ರಿಲ್‌ನಲ್ಲಿ ಆಗಿನ ಅಧ್ಯಕ್ಷರ ಪತ್ನಿ ಮಿಶೆಲ್ ಒಬಾಮಾ ಅಲ್ಲಿಗೆ ಹೋಗಿದ್ದರು. ನಮ್ಮ ರಾಜ್ಯದಲ್ಲೇ ಬೈಲಕುಪ್ಪೆ, ಮುಂಡಗೋಡಿನ ಟಿಬೆಟಿಯನ್ನರಿಗೆ 1960ರ ದಶಕದಲ್ಲಿ ಜಮೀನು ಕೊಟ್ಟು ಜೋಳ ಬೆಳೆಯಲು ಬಿಟ್ಟದ್ದು ನಿಮಗೆ ಗೊತ್ತಿರಬಹುದು. ಹೊರದೇಶದವರಿಗೆ ನೆಲೆ ಕೊಟ್ಟದ್ದು ದೊಡ್ಡ ಗುಣವೇ. ಅದೇ ದಶಕದಲ್ಲಿ ಒಂದೇ ಜಿಲ್ಲೆಯೊಳಗೆ ಎದ್ದು ಬಂದವರು ಮಾತ್ರ ನಮ್ಮ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ.

ಪಾರ್ಕಿನಲ್ಲಿ ಬಿಸಿಲು ಬೀಳುವ ಒಂದು ಮೂಲೆ, ಹತ್ತಡಿ ಉದ್ದ ನಾಲ್ಕಡಿ ಅಗಲ ಸಿಕ್ಕಿದರೂ ಸಾಕು. ಅಲ್ಲಿ ಅವರು ತಂದ ಬೀಜ ಹಾಕಿಸಿ. ಮುಳ್ಳುಸೌತೆ, ಹೀರೆ, ಅವರೆ, ಊರ ಬದನೆ. ಈ ಬೀಜಗಳು ಮಾರವಾಡಿ ಅಂಗಡಿಯ ಪ್ಯಾಕೆಟ್ಟಿನಲ್ಲಿ ಬರುವುದಿಲ್ಲ, ಅಜ್ಜಿಯ ಸೆರಗಿನ ಗಂಟಿನಲ್ಲಿ, ಬೂದಿ ಬೆರೆಸಿದ ಡಬ್ಬಿಯಲ್ಲಿ ಬರುತ್ತವೆ. ಕೆಲವು ಬೀಜಗಳು ಮುಳುಗಿದ ಹಿತ್ತಲಿನಿಂದಲೇ ಬಂದಿರಬಹುದು. ಯಾವ ಬೀಜ, ಯಾರ ಮನೆಯದ್ದು, ಅಜ್ಜಿಯ ಹಳೇ ಊರು ಯಾವುದು ಅಂತ ಚೀಟಿ ಬರೆದು ಅಂಟಿಸಿ. ಟೆರೇಸಿನ ಕುಂಡದಲ್ಲಿ ಬೆಳೆಯುವವರೂ ಹೀಗೇ ಮಾಡಿ. ಮೊದಲ ಕಾಯಿಯನ್ನು ಬೀಜಕ್ಕೆ ಬಿಟ್ಟು, ಮುಂದಿನ ವರ್ಷ ಅರ್ಧ ಅವರಿಗೇ ವಾಪಸ್ಸು ಕೊಡಿ. ಕಾಡುಹಂದಿ, ಮಂಗನ ಕಾಟದಲ್ಲಿ ಅವರ ಹತ್ತಿರ ಉಳಿಯದಿದ್ದರೂ ನಿಮ್ಮ ಹತ್ತಿರ ಉಳಿದಿರುತ್ತದೆ.

ಇಷ್ಟಾದ ಮೇಲೆ ಹಕ್ಕುಪತ್ರದ ಮಾತು ಬಂದೇ ಬರುತ್ತದೆ. "ನಾವು ಹೆಂಗಸರು ಏನು ಮಾಡೋಕಾಗುತ್ತೆ" ಅನ್ನಬೇಡಿ. ನಿಮ್ಮಲ್ಲಿ ಯಾರೋ ಒಬ್ಬರ ಯಜಮಾನರು ತಾಲ್ಲೂಕು ಕಚೇರಿಯಲ್ಲಿರುತ್ತಾರೆ, ಇನ್ನೊಬ್ಬರ ಮಗಳು ವಕೀಲೆ, ಮತ್ತೊಬ್ಬರು ನಿವೃತ್ತ ಶಿಕ್ಷಕಿ. ಅರ್ಜಿ ಓದಿ ಹೇಳೋದು, ಹಳೇ ಕಾಗದಗಳ ಜೆರಾಕ್ಸ್ ಮಾಡಿಸಿ ಫೈಲಿನಲ್ಲಿಡೋದು, ಮಾಹಿತಿ ಹಕ್ಕಿನಲ್ಲಿ ಒಂದು ಪ್ರಶ್ನೆ ಬರೆದುಕೊಡೋದು, ಇವೆಲ್ಲ ಆಗುವ ಕೆಲಸ. ಆದರೆ ಆಗದ ಭರವಸೆ ಕೊಡಬೇಡಿ. ಭರವಸೆ ಅವರು ಅರವತ್ತು ವರ್ಷದಿಂದ ಕೇಳಿದ್ದಾರೆ.

ಊಟ ಮುಗಿಸಿ ಹೊರಡುವಾಗ ಅವರು "ಬರೋ ವರ್ಷ ಹುಣ್ಣಿಮೆಗೆ ನಮ್ಮ ಗದ್ದೆಗೆ ಬನ್ನಿ" ಅಂದೇ ಅನ್ನುತ್ತಾರೆ. ಹೋಗಿ. ಬೆಳಕು ಹರಿಯುವ ಮುಂಚೆ ಅಲ್ಲಿರಬೇಕು, ಹಾಗಾಗಿ ಹಿಂದಿನ ರಾತ್ರಿಯೇ ಹೋಗಿ ಉಳಿಯೋದು ಒಳ್ಳೇದು, ರಾತ್ರಿಯ ಅಡುಗೆಗೂ ಕೈ ಜೋಡಿಸಬಹುದು. ಅಕ್ಟೋಬರ್ ಕಡೆಯ ಮಲೆನಾಡಿನ ಇಬ್ಬನಿಗೆ ಒಂದು ಸ್ವೆಟರ್ ಇರಲಿ, ಟಾರ್ಚ್ ಇರಲಿ, ಉಂಬಳಕ್ಕೆ ಸುಣ್ಣವೋ ಉಪ್ಪೋ ಇರಲಿ. ಚಪ್ಪಲಿ ಮಾತ್ರ ಬದುವಿನ ಈಚೆಯೇ ಬಿಡಿ.